ಹಿತ್ತಲಿನ ಗೂಡಿನಲ್ಲಿರುವ ಗಿನಿಪಿಗ್‌ಗಳನ್ನು ಮಾಗಿಯ ಚಳಿಯಿಂದ ಕಾಪಾಡುವುದು ಹೇಗೆ?

ಪ್ರಶ್ನೆ
ನಿಟುವಳ್ಳಿ ಹಿತ್ತಲು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಣೇಶನ ಹಬ್ಬದ ಹೊತ್ತಿನಲ್ಲಿ ಮಗಳ ಹಟಕ್ಕೆ ಮಣಿದು ಎರಡು ಗಿನಿಪಿಗ್‌ಗಳನ್ನು ತಂದೆವು. ಎರಡೂ ಹೆಣ್ಣೆಂದು ಹೇಳಿ ಕೊಟ್ಟವುಗಳಲ್ಲಿ ಒಂದು ಗಂಡಾಗಿತ್ತು ಎಂಬುದು ದೀಪಾವಳಿ ಕಳೆದ ಮೇಲೆ ಎರಡು ಮರಿಗಳು ಹುಟ್ಟಿದಾಗಲೇ ನಮಗೆ ತಿಳಿದದ್ದು. ಮರಿಗಳೆರಡೂ ಹೆಣ್ಣು, ಈಗ ಅವಕ್ಕೆ ಆರು ವಾರ ತುಂಬಿದೆ. ತಾಯಿಯ ಹೊಟ್ಟೆ ಮತ್ತೆ ದುಂಡಗಾಗುತ್ತಿರುವುದರಿಂದ ಅದು ಪುನಃ ಗರ್ಭ ಧರಿಸಿದೆಯೆಂದು ತೋರುತ್ತದೆ.

ಮನೆಯೊಳಗೆ ಇಟ್ಟುಕೊಳ್ಳಬಹುದಿತ್ತು. ಆದರೆ ಹೆಸರಿನಲ್ಲಿ ಹಂದಿ ಇರುವ ಪ್ರಾಣಿ ಹೊಸ್ತಿಲು ದಾಟಕೂಡದೆಂದು ನಮ್ಮ ಅತ್ತೆಯವರು ಮೊದಲ ದಿನವೇ ಹೇಳಿಬಿಟ್ಟಿದ್ದಾರೆ. ಹೀಗಾಗಿ ಕಾಂಪೌಂಡ್ ಗೋಡೆಗೆ ಆನಿಸಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಮರದ ಗೂಡು ಮಾಡಿಸಿದ್ದೇವೆ. ಅದಕ್ಕೆ ಒಂದೂವರೆ ಅಡಿಯ ಕಾಲುಗಳಿವೆ, ನೆಲ ಹಲಗೆಯದು, ಮೇಲೆ ತಗಡಿನ ಶೀಟು, ಎದುರಿಗೆ ಜಾಲರಿ. ಬೆಳಗಿನ ಎಳೆ ಬಿಸಿಲು ಬೀಳಲೆಂದು ಜಾಲರಿಯ ಮುಖವನ್ನು ಮೂಡಣಕ್ಕೆ ಮಾಡಿಸಿದೆವು.

ನಾಲ್ಕೈದು ದಿನಗಳಿಂದ ರಾತ್ರಿಯ ಚಳಿ ಹೆಚ್ಚಾಗಿದೆ. ಮಗಳು ಗೂಡಿನಲ್ಲಿ ತೂಗುಹಾಕಿರುವ ಉಷ್ಣಮಾಪಕ ನಿನ್ನೆ ಬೆಳಗಿನ ಐದೂವರೆಗೆ 13 ಡಿಗ್ರಿ ತೋರಿಸುತ್ತಿತ್ತು. ರಾತ್ರಿ ಇಡೀ ಗೂಡನ್ನು ತಾಡಪಾಲಿನಿಂದ ನೆಲದವರೆಗೆ ಸುತ್ತಿ ಹಗ್ಗ ಕಟ್ಟುತ್ತೇವೆ. ಆದರೂ ಬೆಳಿಗ್ಗೆ ಬಿಚ್ಚಿದಾಗ ಶೀಟಿನ ಒಳಮೈಯಲ್ಲಿ ನೀರು ಹನಿಗಟ್ಟಿ, ಹಾಸಿದ ಹುಲ್ಲು ತೇವವಾಗಿರುತ್ತದೆ, ಮೂತ್ರದ ಘಾಟು ಮೂಗಿಗೆ ಬಡಿಯುತ್ತದೆ. ಮೊನ್ನೆಯಿಂದ 60 ವ್ಯಾಟಿನ ಒಂದು ಬಲ್ಬನ್ನೂ ಒಳಗೆ ಇಳಿಬಿಟ್ಟಿದ್ದೇವೆ. ಮರಿಗಳಲ್ಲಿ ಒಂದು ಎರಡು ದಿನಗಳಿಂದ ಆಗಾಗ ಸೀನುತ್ತಿದೆ.

13 ಡಿಗ್ರಿ ಇವುಗಳಿಗೆ ಅಪಾಯವೇ? ಬಲ್ಬು ಇರಲಿಯೇ, ಬೇಡವೇ? ನಮ್ಮ ಪರಿಚಯದವರ ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಅದನ್ನು ದಪ್ಪನಾಗಿ ಹಾಸಿದರೆ ಬೆಚ್ಚಗಿರುವುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ಅಂತರ್ಜಾಲದಲ್ಲಿ ಓದಿದ್ದೆಲ್ಲ ಹಿಮ ಬೀಳುವ ದೇಶದವರ ಮಾತು. ನೀರಿನ ಬಾಟಲಿ ಹೆಪ್ಪುಗಟ್ಟದಂತೆ ಏನು ಮಾಡಬೇಕೆಂದು ಅವರು ಹೇಳಿದರೆ ದಾವಣಗೆರೆಯಲ್ಲಿ ಕುಳಿತ ನನಗೆ ಏನು ಪ್ರಯೋಜನ?

ಉತ್ತರ 1
ಕೋಟೆ ತಪ್ಪಲಿನ ಮೇಷ್ಟ್ರು, ಚಿತ್ರದುರ್ಗ

ಸಹೋದರಿ, ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಹನ್ನೊಂದು ವರ್ಷಗಳಿಂದ ಜೋಗಿಮಟ್ಟಿಯ ಕಡೆಗೆ ಮುಖ ಮಾಡಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಗಿನಿಪಿಗ್‌ಗಳನ್ನು ಸಾಕಿಕೊಂಡು ಬಂದಿದ್ದೇನೆ. ನಿಮ್ಮ ವಿವರಣೆ ಓದಿದಾಗ ನನ್ನ ಮೊದಲ ವರ್ಷದ ತಪ್ಪುಗಳನ್ನೆಲ್ಲ ಯಾರೋ ಬರೆದಿಟ್ಟಂತೆ ಅನ್ನಿಸಿತು.

ಗಿನಿಪಿಗ್‌ಗೆ ಹಿತವಾದ ಉಷ್ಣತೆ 18ರಿಂದ 23 ಡಿಗ್ರಿ. 15ಕ್ಕಿಂತ ಕೆಳಗೆ ಇಳಿದರೆ ಅದಕ್ಕೆ ಆಸರೆ ಬೇಕಾಗುತ್ತದೆ. ಹಾಗೆಂದು 13 ಡಿಗ್ರಿಯ ಒಣ ಗೂಡಿನಲ್ಲಿ ಗಾಳಿ ತಾಗದಂತೆ ಒತ್ತೊತ್ತಾಗಿ ಮಲಗಿದ ಆರೋಗ್ಯವಂತ ಪ್ರಾಣಿ ಸಾಯುವುದಿಲ್ಲ. ಅದೇ ಪ್ರಾಣಿ 16 ಡಿಗ್ರಿಯಲ್ಲಿ ಒದ್ದೆ ಹುಲ್ಲಿನ ಮೇಲೆ, ಮೂಡಣ ಗಾಳಿಗೆ ಎದುರಾಗಿ ಕುಳಿತರೆ ಕಾಯಿಲೆ ಬೀಳುತ್ತದೆ. ನಿಮ್ಮ ಗೂಡಿನಲ್ಲಿ ನನಗೆ ಭಯ ಹುಟ್ಟಿಸುತ್ತಿರುವುದು ಉಷ್ಣಮಾಪಕದ ಅಂಕಿಯಲ್ಲ, ಆ ತೇವ ಮತ್ತು ಆ ಘಾಟು.

ಇಲ್ಲಿ ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. ಪಾಠ ಹೇಳುವ ಚಾಳಿ ಬಿಟ್ಟಿಲ್ಲವೆಂದು ಬೇಸರಿಸಬೇಡಿ. 1782–83ರ ಚಳಿಗಾಲದಲ್ಲಿ ಫ್ರಾನ್ಸಿನ ಲಾವಾಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಒಂದು ಗಿನಿಪಿಗ್ಗನ್ನು ಕೂರಿಸಿ, ಅದರ ಮೈಯ ಕಾವಿಗೆ ಎಷ್ಟು ಮಂಜು ಕರಗಿ ನೀರಾಯಿತೆಂದು ಅಳೆದರು. ಉಸಿರಾಟವೆಂಬುದು ನಿಧಾನವಾದ ಒಂದು ದಹನವೇ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಆ ಅಳತೆಯಿಂದ. ಅಂದರೆ ಸುಮಾರು 38–39 ಡಿಗ್ರಿಯ ಮೈಯುಳ್ಳ ಈ ಪ್ರಾಣಿ ತಾನೇ ಒಂದು ಸಣ್ಣ ಒಲೆ. ಅದರ ಕಾವು ಗಾಳಿಗೂ ತೇವಕ್ಕೂ ಸೋರಿಹೋಗದಂತೆ ತಡೆದರೆ ಮುಕ್ಕಾಲು ಕೆಲಸ ಮುಗಿಯಿತು. ಬೇರೆ ಒಲೆಯನ್ನು ಹೊರಗಿನಿಂದ ತಂದಿಡುವ ಅಗತ್ಯ ನಮ್ಮ ಜಿಲ್ಲೆಗಳ ಚಳಿಗೆ ಬರುವುದು ಬಲು ಅಪರೂಪ.

ನಾಲ್ಕು ಅಡಿ ಉದ್ದದ ಗೂಡನ್ನು ನಾಲ್ಕು ಪುಟ್ಟ ಪ್ರಾಣಿಗಳ ಮೈಕಾವು ಬೆಚ್ಚಗಾಗಿಸಲಾರದು. ಆದ್ದರಿಂದ ಗೂಡಿನೊಳಗೆ ಮಲಗುವುದಕ್ಕೆಂದೇ ಒಂದು ಚಿಕ್ಕ ಪೆಟ್ಟಿಗೆ ಇರಬೇಕು. ನನ್ನದು ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಹತ್ತು ಅಂಗುಲ ಎತ್ತರದ ಪ್ಲೈವುಡ್ ಪೆಟ್ಟಿಗೆ. ಐದು ಅಂಗುಲದ ಒಂದು ಬಾಗಿಲು. ಮೇಲಿನ ಮುಚ್ಚಳ ಎತ್ತಿ ಶುಚಿ ಮಾಡುವಂತಿದೆ. ಗೋಡೆಗಳು ಎರಡು ಪದರದವು, ನಡುವೆ ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲನ್ನು ತುಂಬಿದ್ದೇನೆ. ಥರ್ಮೋಕೋಲು ಎಲ್ಲಿಯೂ ಹಲ್ಲಿಗೆ ಸಿಗಬಾರದು, ಏಕೆಂದರೆ ಇವುಗಳ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಸಿಕ್ಕಿದ್ದನ್ನೆಲ್ಲ ಕಡಿಯುತ್ತವೆ. ಹೋದ ವರ್ಷ ಹೊರಗೆ 12 ಡಿಗ್ರಿ ಇದ್ದ ಒಂದು ಬೆಳಗಿನ ಜಾವ ಈ ಪೆಟ್ಟಿಗೆಯೊಳಗೆ 18 ಡಿಗ್ರಿ ಇತ್ತು. ಒಳಗೆ ಇದ್ದುದು ಮೂರು ಪ್ರಾಣಿಗಳು ಮತ್ತು ಒಣಹುಲ್ಲು, ಅಷ್ಟೆ.

ಇನ್ನು ತಾಡಪಾಲಿನ ವಿಷಯ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ತಗಡು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನೀವು ಗೂಡನ್ನು ನೆಲದವರೆಗೆ ಸುತ್ತಿ ಕಟ್ಟಿದಾಗ ಪ್ರಾಣಿಗಳ ಉಸಿರಿನ ಮತ್ತು ಮೂತ್ರದ ತೇವ ಹೊರಹೋಗಲು ದಾರಿಯಿಲ್ಲದೆ ಆ ತಣ್ಣನೆಯ ತಗಡಿಗೆ ತಗುಲಿ ಹನಿಯಾಗುತ್ತದೆ, ಹನಿಗಳು ಹುಲ್ಲಿನ ಮೇಲೆ ತೊಟ್ಟಿಕ್ಕುತ್ತವೆ. ಶೀಟಿನ ಮೇಲೆ ತೆಂಗಿನ ಗರಿಗಳನ್ನು ಎರಡು ಪದರ ಹೊದಿಸಿ. ತಾಡಪಾಲನ್ನು ಮೂಡಣ ಮತ್ತು ಬಡಗಣ ದಿಕ್ಕಿಗೆ ಪೂರ್ತಿ ಇಳಿಬಿಡಿ, ಗಾಳಿಯಿಲ್ಲದ ಪಡುವಣ ಬದಿಯಲ್ಲಿ ಶೀಟಿನ ಕೆಳಗೆ ಒಂದು ಗೇಣು ತೆರೆದೇ ಇರಲಿ. ಗಾಳಿ ಪ್ರಾಣಿಯ ಮೈಮೇಲೆ ಹಾಯಬಾರದು, ಆದರೆ ಅದರ ತಲೆಯ ಮೇಲಿಂದ ಹಾದುಹೋಗಬೇಕು. ನಮ್ಮ ಗುಡ್ಡದ ಗಾಳಿಯಂತ್ರಗಳು ರಭಸದಿಂದ ತಿರುಗುವುದು ಆಷಾಢದ ಪಡುವಣ ಗಾಳಿಗೆ. ಮಾಗಿಯ ಮೂಡಣ ಗಾಳಿಗೆ ಅಷ್ಟು ಅಬ್ಬರವಿಲ್ಲ, ಆದರೂ ಅದು ಸಂದುಗೊಂದುಗಳಲ್ಲಿ ನುಸುಳಿ ಮೂಳೆಗೆ ತಾಗುತ್ತದೆ. ನಿಮ್ಮ ಜಾಲರಿ ಇರುವುದೂ ಅದೇ ದಿಕ್ಕಿಗೆ. ಆಗುವುದಾದರೆ ಈ ಎರಡು ತಿಂಗಳ ಮಟ್ಟಿಗೆ ಗೂಡನ್ನು ದಕ್ಷಿಣಕ್ಕೆ ತಿರುಗಿಸಿಡಿ, ಮಾಗಿಯ ಬಿಸಿಲು ದಿನವಿಡೀ ಆ ಬದಿಯಿಂದಲೇ ಬೀಳುತ್ತದೆ.

ಬೆಳಿಗ್ಗೆ ಎಂಟೂವರೆಗೆಲ್ಲ ತಾಡಪಾಲನ್ನು ತೆಗೆಯಲೇಬೇಕು. ಹಿಮದ ದೇಶದವರು ಇದನ್ನು ಹೇಳುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ನಮ್ಮಲ್ಲಿ ಬೆಳಗಿನ ಜಾವ 13 ಇದ್ದದ್ದು ಮಧ್ಯಾಹ್ನಕ್ಕೆ 29–30ಕ್ಕೆ ಏರುತ್ತದೆ. ಗಿನಿಪಿಗ್‌ಗೆ ಬೆವರುವುದು ತಿಳಿಯದು. ತಗಡಿನ ಕೆಳಗೆ ತಾಡಪಾಲು ಸುತ್ತಿದ ಗೂಡಿನಲ್ಲಿ ಅದು ಚಳಿಗಾಲದಲ್ಲಿಯೇ ಬಿಸಿಲಿನ ಹೊಡೆತಕ್ಕೆ ಸಾಯಬಹುದು. ನನ್ನ ಮೊದಲ ವರ್ಷದ ಜನವರಿಯಲ್ಲಿ ಒಂದು ಮದುವೆಗೆಂದು ಬೆಳಿಗ್ಗೆಯೇ ಹೊರಟವನು ತಾಡಪಾಲು ತೆಗೆಯುವುದನ್ನು ಮರೆತೆ. ಸಂಜೆ ಬಂದಾಗ ಎರಡು ಸತ್ತಿದ್ದವು. ಚಳಿಯಿಂದ ನಾನು ಇಂದಿನವರೆಗೆ ಒಂದನ್ನೂ ಕಳೆದುಕೊಂಡಿಲ್ಲ.

ಬಲ್ಬನ್ನು ಇಂದೇ ತೆಗೆಯಿರಿ. ಒಣಹುಲ್ಲು, ಬಿಸಿ ಗಾಜು, ತಂತಿ ಕಡಿಯುವ ಹಲ್ಲು, ಈ ಮೂರೂ ಒಂದೇ ಗೂಡಿನಲ್ಲಿ ಇರಬಾರದು. ಅಲ್ಲದೆ ರಾತ್ರಿಯಿಡೀ ಬೆಳಕಿದ್ದರೆ ಅವಕ್ಕೆ ವಿಶ್ರಾಂತಿಯಿಲ್ಲ, ನಡುರಾತ್ರಿ ಕರೆಂಟು ಹೋದರೆ ಬೆಚ್ಚಗಿದ್ದ ಜಾಗ ಒಮ್ಮೆಲೇ ತಣ್ಣಗಾಗುತ್ತದೆ. ಕೆಂಡದ ಶಿಗಡಿಯನ್ನು ಗೂಡಿನ ಕೆಳಗೆ ಇಡಿರೆಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಮುಚ್ಚಿದ ಜಾಗದಲ್ಲಿ ಇದ್ದಿಲಿನ ಹೊಗೆ ಕಣ್ಣಿಗೆ ಕಾಣದೆಯೇ ಕೊಲ್ಲುತ್ತದೆ. ತೀರಾ ಚಳಿಯಿರುವ ರಾತ್ರಿ, ಹಗಲೆಲ್ಲ ಬಿಸಿಲಿನಲ್ಲಿಟ್ಟ ನಾಲ್ಕು ಇಟ್ಟಿಗೆಗಳನ್ನು ಸೂರ್ಯ ಮುಳುಗುವ ಹೊತ್ತಿಗೆ ಪೆಟ್ಟಿಗೆಯ ಹೊರಮೈಗೆ ಆನಿಸಿ, ಮೇಲೆ ಗೋಣಿಚೀಲ ಮುಚ್ಚಿರಿ. ಅದು ನಡುರಾತ್ರಿಯವರೆಗೆ ಸಾಕು.

ಉತ್ತರ 2
ಕುರಿಹಟ್ಟಿ, ಚಳ್ಳಕೆರೆ ತಾಲ್ಲೂಕು

ಮೇಷ್ಟ್ರು ಹೇಳಿದ ಮಾತಿಗೆ ನನ್ನ ಒಪ್ಪಿಗೆಯಿದೆ. ಅವರು ಹಾಸಿಗೆಯ ವಿಷಯವನ್ನು ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ. ನಮ್ಮದು ಕುರಿ ಸಾಕುವ ಮನೆತನ. ಕುರಿಗಳ ಜೊತೆಗೆ ಒಂಬತ್ತು ಗಿನಿಪಿಗ್‌ಗಳೂ ಇವೆ.

ಅಕ್ಕಾ, ಭಟ್ಟಿಯ ಭತ್ತದ ಹೊಟ್ಟನ್ನು ದಯವಿಟ್ಟು ಹಾಸಬೇಡಿ. ಅದು ಒಲೆಗೆ ಒಳ್ಳೆಯದು, ಮಲಗುವುದಕ್ಕಲ್ಲ. ಅದರ ತುದಿಗಳು ಚೂಪು, ಅದರಲ್ಲಿರುವ ಸಣ್ಣ ಧೂಳು ಇವುಗಳ ಮೂಗಿಗೂ ಕಣ್ಣಿಗೂ ಹೋಗುತ್ತದೆ. ಅಲ್ಲದೆ ಅದು ನೀರನ್ನು ಹೀರದೆ ಕೆಳಕ್ಕೆ ಬಿಡುತ್ತದೆ. ಸಾಮಿಲ್ಲಿನ ಮರದ ಹೊಟ್ಟಿಗೂ ಇದೇ ಮಾತು. ನಮ್ಮ ಕಡೆ ಎಲ್ಲರ ಮನೆಯಲ್ಲಿಯೂ ಇರುವ ಶೇಂಗಾ ಹೊಟ್ಟಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಬಣವೆಯಲ್ಲಿ ಬೂಷ್ಟು ಬಂದ ಶೇಂಗಾ ಬಳ್ಳಿಯಲ್ಲಿ ವಿಷವಿರುತ್ತದೆ. ಅಫ್ಲಾಟಾಕ್ಸಿನ್ ಎನ್ನುವ ಆ ವಿಷ ಯಕೃತ್ತನ್ನು ಕೆಡಿಸುತ್ತದೆ, ದನ ತಡೆದುಕೊಂಡರೂ ಒಂದು ಕಿಲೋ ತೂಗದ ಈ ಪ್ರಾಣಿ ತಡೆಯದು. ಹಾಸಿದ್ದನ್ನು ಇವು ತಿನ್ನುತ್ತವೆ ಎಂಬುದನ್ನು ಮರೆಯಬಾರದು. ತಿನ್ನಲು ಕೊಡಲಾಗದ್ದನ್ನು ಹಾಸಲೂ ಬಾರದು.

ನಾನು ಮಾಡುವುದು ಹೀಗೆ. ಕೆಳಗೆ ಹಳೆಯ ದಿನಪತ್ರಿಕೆಗಳ ಎಂಟು ಹತ್ತು ಹಾಳೆ, ಅದರ ಮೇಲೆ ಭತ್ತದ ಹುಲ್ಲನ್ನು ಅರ್ಧ ಗೇಣಿನಷ್ಟು ಕತ್ತರಿಸಿ ಒಂದು ಪದರ, ಅದರ ಮೇಲೆ ನೆರಳಿನಲ್ಲಿ ಒಣಗಿಸಿದ ಗರಿಕೆ ಅಥವಾ ರಾಗಿ ಹುಲ್ಲು ಒಂದು ಗೇಣು ದಪ್ಪ. ಭತ್ತದ ಹುಲ್ಲು ಟೊಳ್ಳಾಗಿರುವುದರಿಂದ ಕಾವನ್ನು ಹಿಡಿಯುತ್ತದೆ, ಆದರೆ ಅದರ ಗರಿಯ ಅಂಚು ಒರಟು. ಆದ್ದರಿಂದ ಅದನ್ನು ಮೇಲೆ ಹಾಕುವುದಿಲ್ಲ. ಮೇಲಿನ ಮೆತ್ತನೆಯ ಹುಲ್ಲಿನಲ್ಲಿ ಅವು ತಾವೇ ಗುಣಿ ಮಾಡಿಕೊಂಡು ಮುಖ ಮಾತ್ರ ಹೊರಗಿಟ್ಟು ಮಲಗುತ್ತವೆ. ದಾವಣಗೆರೆಯ ಸುತ್ತ ಭದ್ರಾ ನಾಲೆಯ ಗದ್ದೆಗಳಿರುವಾಗ ಭತ್ತದ ಹುಲ್ಲಿಗೆ ನಿಮಗೇನೂ ಬರವಿಲ್ಲ. ತೆನೆ ಒಡೆದ ಯಂತ್ರದಿಂದ ನೇರವಾಗಿ ತಂದ ಹಸಿ ಹುಲ್ಲನ್ನು ಮಾತ್ರ ತರಬೇಡಿ. ಕೈಯಲ್ಲಿ ಹಿಡಿದು ತಿರುಚಿದರೆ ಚಟಪಟ ಎನ್ನುವಷ್ಟು ಒಣಗಿರಬೇಕು, ಮೂಸಿದರೆ ಬೂಷ್ಟಿನ ವಾಸನೆ ಇರಬಾರದು.

ತೇವವಾದ ಭಾಗವನ್ನು ಪ್ರತಿದಿನ ತೆಗೆಯಿರಿ. ವಾರಕ್ಕೊಮ್ಮೆ ತೆಗೆದರೆ ಸಾಕೆನ್ನುವವರು ಇದ್ದಾರೆ, ಅವರು ಬೇಸಿಗೆಯ ಲೆಕ್ಕ ಹೇಳುತ್ತಾರೆ. ಮಾಗಿಯಲ್ಲಿ ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ಒಂದೇ ದಿನದಲ್ಲಿ ಘಾಟು ಏಳುತ್ತದೆ.

ಇನ್ನೊಂದು ಮಾತು ಕಂಬಳಿಯದು. ಗೋಣಿಚೀಲವನ್ನಾಗಲಿ ಹಳೆಯ ಸೀರೆಯನ್ನಾಗಲಿ ಪೆಟ್ಟಿಗೆಯೊಳಗೆ ತುರುಕಬೇಡಿ. ಎಳೆ ಬಿಟ್ಟುಕೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತಿಯನ್ನೂ ಹಾಕಬಾರದು. ನಮ್ಮ ಚಳ್ಳಕೆರೆಯ ಕುರಿ ಉಣ್ಣೆಯ ಕರಿಕಂಬಳಿ ಹಳೆಯದೊಂದು ಇದ್ದರೆ ಅದನ್ನು ಪೆಟ್ಟಿಗೆಯ ಮೇಲೆ, ತಾಡಪಾಲಿನ ಒಳಗೆ, ಮೂರು ಬದಿಗೆ ಇಳಿಬೀಳುವಂತೆ ಹೊದಿಸಿ. ಉಣ್ಣೆ ಸ್ವಲ್ಪ ತೇವಾದರೂ ಬೆಚ್ಚಗೇ ಇರುತ್ತದೆ. ಮಳೆಯಲ್ಲಿ ಕುರಿ ಕಾಯುವವನು ಕಂಬಳಿಯ ಕೊಪ್ಪೆ ಹಾಕಿಕೊಳ್ಳುವುದು ಸುಮ್ಮನೆ ಅಲ್ಲ.

ಉತ್ತರ 3
ಅಡಿಕೆ ತೋಟ, ಚನ್ನಗಿರಿ

ಬೆಚ್ಚಗಿನ ಹುಲ್ಲಿನ ಪೆಟ್ಟಿಗೆಯೆಂದರೆ ಅದು ಗಿನಿಪಿಗ್‌ಗೆ ಮಾತ್ರ ಇಷ್ಟವಾಗುವ ಜಾಗವಲ್ಲ ಎಂಬುದನ್ನು ಸೇರಿಸುತ್ತೇನೆ. ಹುಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಹಾವು ಬರುತ್ತದೆ. ಮುಂಗುಸಿ ಹಗಲಿನಲ್ಲಿಯೇ ಬರುತ್ತದೆ. ಕೋಳಿ ಗೂಡಿಗೆ ಬಳಸುವ ಷಟ್ಕೋನದ ತೆಳು ಜಾಲರಿ ಸಾಲದು. ಅರ್ಧ ಅಂಗುಲದ ಬೆಸುಗೆ ಜಾಲರಿಯೇ ಬೇಕು, ಅದನ್ನು ಹೊರಗಿನಿಂದ ಪಟ್ಟಿ ಕೊಟ್ಟು ಮೊಳೆ ಹೊಡೆಯಬೇಕು. ಗೂಡನ್ನು ದಕ್ಷಿಣಕ್ಕೆ ತಿರುಗಿಸುವಾಗ ಹಿಂಬದಿಯ ಹಲಗೆಗಳ ಸಂದನ್ನೂ ಒಮ್ಮೆ ನೋಡಿಕೊಳ್ಳಿ, ಹೆಬ್ಬೆರಳು ತೂರುವ ಸಂದು ಇರಬಾರದು.

ಮತ್ತೊಂದು ವಿಷಯವನ್ನು ನಿಮ್ಮ ಅತ್ತೆಯವರಿಗೆ ಸಮಯ ನೋಡಿ ಹೇಳಬಹುದು. ಇದರ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಸೀಮೆ. ಪೆರು, ಬೊಲಿವಿಯಾಗಳ ಬೆಟ್ಟದ ಊರುಗಳಲ್ಲಿ ಜನ ಇವುಗಳನ್ನು ಸಾವಿರಾರು ವರ್ಷಗಳಿಂದ ಸಾಕುತ್ತ ಬಂದಿದ್ದಾರೆ. ಅಲ್ಲಿಯ ಹಳೆಯ ಪದ್ಧತಿಯಲ್ಲಿ ಇವು ಇರುತ್ತಿದ್ದುದು ಅಡುಗೆ ಮನೆಯಲ್ಲಿ, ಒಲೆಯ ಬದಿಯಲ್ಲಿ. ಹಂದಿಯ ಕುಲಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಇಲಿ, ಅಳಿಲುಗಳಂತೆ ದಂಶಕ. ಇಲಿ ಎಂದರೆ ನಿಮ್ಮ ಅತ್ತೆಯವರು ಒಪ್ಪುವರೋ ಇಲ್ಲವೋ, ಅದನ್ನು ನೀವೇ ಅರಿಯಬೇಕು.

ಮರುಪ್ರಶ್ನೆ
ನಿಟುವಳ್ಳಿ ಹಿತ್ತಲು, ದಾವಣಗೆರೆ

ಮೇಷ್ಟ್ರಿಗೂ ಕುರಿಹಟ್ಟಿಯ ಅಣ್ಣನವರಿಗೂ ಚನ್ನಗಿರಿಯವರಿಗೂ ಕೃತಜ್ಞತೆಗಳು. ಬಲ್ಬನ್ನು ತೆಗೆದಿದ್ದೇವೆ, ಗೂಡನ್ನು ತಿರುಗಿಸಿದ್ದೇವೆ, ಪೆಟ್ಟಿಗೆಗೆ ಬಡಗಿಯವರಿಗೆ ಅಳತೆ ಕೊಟ್ಟಿದ್ದಾಗಿದೆ. ಆದರೆ ಸೀನುತ್ತಿದ್ದ ಮರಿಯ ಮೂಗಿನ ಸುತ್ತ ಇಂದು ಬೆಳಿಗ್ಗೆ ಸ್ವಲ್ಪ ಅಂಟು ಕಾಣಿಸಿತು. ಮೇವು ತಿನ್ನುತ್ತಿದೆ, ಆದರೆ ಮೊದಲಿನ ಚುರುಕಿಲ್ಲ. ಮಗಳಿಗೆ ನೆಗಡಿಯಾದಾಗ ತಂದ ಆ್ಯಂಟಿಬಯೋಟಿಕ್ ಸಿರಪ್ಪನ್ನು ಎರಡು ಹನಿ ಕೊಡಿರೆಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಸಂಜೆ ಗೂಡಿಗೆ ಸಾಂಬ್ರಾಣಿ ಹೊಗೆ ಹಾಕಿದರೆ ಶೀತ ಹೋಗುವುದೆಂದೂ ಸಲಹೆ ಬಂದಿದೆ. ಗರ್ಭಿಣಿಗೆ ಬೇರೆ ಏನಾದರೂ ಆರೈಕೆ ಬೇಕೇ?

ಉತ್ತರ 4
ಹರಿಹರದ ಪಶುವೈದ್ಯ

ಮೇಡಂ, ಆ ಸಿರಪ್ಪನ್ನು ಯಾವ ಕಾರಣಕ್ಕೂ ಕೊಡಬೇಡಿ. ಮಕ್ಕಳಿಗೆ ಸಾಮಾನ್ಯವಾಗಿ ಬರೆದುಕೊಡುವ ಅಮಾಕ್ಸಿಸಿಲಿನ್ ಮತ್ತು ಅದರ ಬಳಗದ ಪೆನ್ಸಿಲಿನ್ ಔಷಧಿಗಳು ಬಾಯಿಯ ಮೂಲಕ ಒಳಗೆ ಹೋದರೆ ಗಿನಿಪಿಗ್‌ನ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆಯಲು ಎಡೆ ಮಾಡಿಕೊಡುತ್ತವೆ. ನೆಗಡಿಯಿಂದ ಉಳಿಯಬಹುದಾಗಿದ್ದ ಪ್ರಾಣಿ ಔಷಧಿಯಿಂದ ಸಾಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವುಗಳಿಗೆ ಒಗ್ಗುವ ಬೇರೆ ಆ್ಯಂಟಿಬಯೋಟಿಕ್‌ಗಳಿವೆ. ಅವುಗಳನ್ನು ಪ್ರಾಣಿಯನ್ನು ನೋಡಿ, ತೂಗಿ, ಎದೆಗೆ ಸ್ಟೆತಸ್ಕೋಪು ಇಟ್ಟ ವೈದ್ಯರು ಮಾತ್ರ ಹೇಳಬೇಕು. ನಾನೂ ಇಲ್ಲಿ ಕುಳಿತು ಹೆಸರು ಬರೆಯುವುದಿಲ್ಲ.

ಹುಲ್ಲಿನ ಧೂಳಿಗೆ ಅಪರೂಪಕ್ಕೊಮ್ಮೆ ಸೀನುವುದು ರೋಗವಲ್ಲ. ಮೂಗಿನಲ್ಲಿ ಅಂಟು ಕಾಣಿಸಿಕೊಂಡ ಮೇಲೆ ಮಾತು ಬೇರೆ. ಮರಿಯನ್ನು ನಾಳೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಪಕ್ಕೆಗಳು ಒಳಸೇರುವಂತೆ ಉಸಿರೆಳೆಯುವುದು, ಉಸಿರಿನಲ್ಲಿ ಗೊರಗೊರ ಸದ್ದು, ಕಣ್ಣಿನ ಸುತ್ತ ಪಿಸುರು, ರೋಮ ನಿಮಿರಿಸಿಕೊಂಡು ಗೂನು ಬೆನ್ನು ಮಾಡಿ ಮೂಲೆಯಲ್ಲಿ ಕೂರುವುದು, ಇವುಗಳಲ್ಲಿ ಒಂದು ಕಂಡರೂ ನಾಳೆಯವರೆಗೆ ಕಾಯಬಾರದು. ಅರ್ಧ ದಿನ ಮೇವು ಮುಟ್ಟದಿದ್ದರೆ ಅದೊಂದೇ ಸಾಕು, ತುರ್ತಾಗಿ ಹೊರಡಬೇಕು. ಏಕೆಂದರೆ ಇವುಗಳ ಕರುಳು ಸದಾ ನಾರಿನಿಂದ ತುಂಬಿ ಚಲಿಸುತ್ತಿರಬೇಕು, ನಿಂತರೆ ಮತ್ತೆ ನಡೆಸುವುದು ಕಷ್ಟ. ಮೈ ಕಾಯಲು ಬೇಕಾದ ಕಾವಿನಲ್ಲಿ ಒಂದು ಪಾಲು ಆ ನಾರು ಕರುಳಿನಲ್ಲಿ ಹುಳಿಯುವಾಗಲೇ ಹುಟ್ಟುತ್ತದೆ. ಆದ್ದರಿಂದ ರಾತ್ರಿ ಹುಲ್ಲಿನ ತೊಟ್ಟಿ ಬರಿದಾಗಕೂಡದು. ಮೇಷ್ಟ್ರು ಹೇಳಿದ ಒಲೆಗೆ ಸೌದೆ ಅದೇ.

ಕಾಯಿಲೆಯ ಮರಿಯನ್ನು ಉಳಿದವುಗಳಿಂದ ಬೇರ್ಪಡಿಸಿ. ಗೂಡಿನ ಹತ್ತಿರ ನಾಯಿಯಾಗಲಿ ಮೊಲವಾಗಲಿ ಇದ್ದರೆ ದೂರವಿಡಿ. ಬಾರ್ಡಿಟೆಲ್ಲಾ ಎಂಬ ರೋಗಾಣುವನ್ನು ಅವು ತಾವು ನರಳದೆಯೇ ಹೊತ್ತು ತಿರುಗುತ್ತವೆ. ಗಿನಿಪಿಗ್‌ಗೆ ತಗುಲಿದರೆ ಅದು ನ್ಯುಮೋನಿಯಾಕ್ಕೆ ತಿರುಗುತ್ತದೆ. ತೇವ ಮತ್ತು ಮೂತ್ರದ ಅಮೋನಿಯಾ ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ ಆ ರೋಗಾಣುವಿಗೆ ಬಾಗಿಲು ತೆರೆಯುತ್ತವೆ. ಸಾಂಬ್ರಾಣಿಯ ಹೊಗೆಯೂ ಮಾಡುವುದು ಅದನ್ನೇ. ದನದ ಕೊಟ್ಟಿಗೆಗೆ ಸೊಳ್ಳೆ ಓಡಿಸಲು ಹಾಕುವ ಹೊಗೆಯನ್ನು ಅಂಗೈಯಗಲದ ಎದೆಗೂಡಿನ ಪ್ರಾಣಿಗೆ ಹಾಕಲಾಗದು.

ಈಗ ಮೇವಿನ ಮಾತು. ಮನುಷ್ಯರಂತೆಯೇ ಗಿನಿಪಿಗ್‌ಗೂ ತನ್ನ ಮೈಯಲ್ಲಿ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲು ಬಾರದು; ಅದು ಕಡಿಮೆಯಾದರೆ ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಗರ್ಭಿಣಿಗೂ ಕಾಯಿಲೆ ಬಿದ್ದದ್ದಕ್ಕೂ ಮೇಲಿನ ಅಳತೆಯೇ ಬೇಕು. ದೊಣ್ಣೆಮೆಣಸಿನಕಾಯಿಯ ಒಂದೆರಡು ಹೋಳು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಬೀಜ ತೆಗೆದ ಪೇರಲ ಹಣ್ಣಿನ ಸಣ್ಣ ಚೂರು ಕೊಟ್ಟರೆ ಸಾಕಾಗುತ್ತದೆ. ನಮ್ಮ ಊರುಗಳಲ್ಲಿ ಮಂಡಕ್ಕಿಯ ಜೊತೆ ಬಜ್ಜಿ ಮಾಡುವ ಖಾರದ ಮೆಣಸಿನಕಾಯಿ ಇದಕ್ಕಾಗುವುದಿಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ, ಆದರೂ ಒಬ್ಬರು ಕೊಟ್ಟಿದ್ದರು. ನೀರಿಗೆ ಜೀವಸತ್ವದ ಹನಿ ಬೆರೆಸುವುದರಿಂದ ಹೆಚ್ಚಿನ ಲಾಭವಿಲ್ಲ, ಅದು ನೀರಿನಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಇಬ್ಬನಿ ಬಿದ್ದ ಸೊಪ್ಪನ್ನೂ ಫ್ರಿಜ್ಜಿನಿಂದ ತೆಗೆದದ್ದನ್ನೂ ಹಾಗೆಯೇ ಹಾಕದೆ, ಅಡುಗೆ ಮನೆಯಲ್ಲಿ ಹರಡಿ ಆರಿಸಿ ಕೊಡಿ.

ಗರ್ಭಿಣಿಯ ಬಗ್ಗೆ ನಿಮಗಿಂತ ನನಗೇ ಹೆಚ್ಚು ಆತಂಕವಿದೆ. ಇವುಗಳ ಗರ್ಭಾವಧಿ 59ರಿಂದ 72 ದಿನ. ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಬೆದೆಗೆ ಬರುವುದರಿಂದ, ಗಂಡು ಜೊತೆಯಲ್ಲಿಯೇ ಇದ್ದ ನಿಮ್ಮ ತಾಯಿಗೆ ಅಂದೇ ಗರ್ಭ ಕಟ್ಟಿರಬೇಕು. ಹಾಗಿದ್ದರೆ ಸಂಕ್ರಾಂತಿಯ ಆಸುಪಾಸಿನಲ್ಲಿ, ಚಳಿ ಬಿಗಿಯಾಗಿರುವಾಗಲೇ ಹೆರಿಗೆಯಾಗುತ್ತದೆ. ಮರಿಗಳು ಕಣ್ಣು ಬಿಟ್ಟುಕೊಂಡು, ರೋಮ ಹೊತ್ತುಕೊಂಡು ಹುಟ್ಟುತ್ತವೆಯಾದರೂ ನೂರು ಗ್ರಾಂ ಆಸುಪಾಸಿನ ಒದ್ದೆ ಮೈ 13 ಡಿಗ್ರಿಯನ್ನು ತಡೆಯಲಾರದು. ಆದ್ದರಿಂದ ಜನವರಿ ಮೊದಲ ವಾರದಿಂದ ತಾಯಿಯನ್ನು ರಾತ್ರಿ ಮಾತ್ರವಾದರೂ ಒಳಗೆ, ಕನಿಷ್ಠ ಪಕ್ಷ ಸಾಮಾನಿನ ಕೋಣೆಗೋ ಮುಚ್ಚಿದ ವರಾಂಡಕ್ಕೋ ತರುವುದಕ್ಕೆ ಅತ್ತೆಯವರನ್ನು ಒಪ್ಪಿಸಿ. ಎತ್ತುವಾಗ ಎರಡೂ ಕೈಯಿಂದ ಹಿಂಭಾಗಕ್ಕೆ ಆಧಾರ ಕೊಡಬೇಕು. ಅದನ್ನು ಗಾಬರಿಗೊಳಿಸುವುದಾಗಲಿ ಒಂದು ಹೊತ್ತು ಉಪವಾಸ ಬೀಳಿಸುವುದಾಗಲಿ ಈ ದಿನಗಳಲ್ಲಿ ಸಲ್ಲದು.

ಗಂಡನ್ನು ಇಂದೇ ಬೇರೆ ಮಾಡಿ. ಆರು ವಾರದ ಹೆಣ್ಣು ಮರಿಗಳು ಆಗಲೇ ಬೆದೆಗೆ ಬರುವ ವಯಸ್ಸಿನವು. ಅವು ಇರುವುದು ಅಪ್ಪನ ಜೊತೆಯಲ್ಲಿ. ಎಲ್ಲರೂ ಚಳಿಯ ಮಾತಿನಲ್ಲಿ ಇದನ್ನು ಮರೆತಿದ್ದೇವೆ. ಒಂಟಿ ಗಂಡಿಗೆ ಒತ್ತಿಕೊಳ್ಳಲು ಜೊತೆಯಿಲ್ಲದಿರುವುದರಿಂದ ಅದಕ್ಕೆ ಇನ್ನೂ ಚಿಕ್ಕ ಪೆಟ್ಟಿಗೆ, ಇನ್ನೂ ದಪ್ಪ ಹುಲ್ಲು ಬೇಕು. ಜಾಲರಿಯ ಆಚೆಗೆ ಉಳಿದವು ಕಾಣುವಂತೆ, ಸದ್ದು ಕೇಳುವಂತೆ ಇಟ್ಟರೆ ಅದು ಅಷ್ಟಾಗಿ ಕುಗ್ಗುವುದಿಲ್ಲ.

ವಾರಕ್ಕೊಮ್ಮೆ ಅಡುಗೆ ಮನೆಯ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ತೂಗಿ ಬರೆದಿಡಿ. ಐವತ್ತು ಗ್ರಾಂ ಇಳಿದರೆ, ಕಣ್ಣಿಗೆ ಏನೂ ಕಾಣದಿದ್ದರೂ ಏನೋ ನಡೆಯುತ್ತಿದೆ ಎಂದೇ ತಿಳಿಯಬೇಕು.

ಹದಿನೈದು ದಿನಗಳ ನಂತರ
ನಿಟುವಳ್ಳಿ ಹಿತ್ತಲು, ದಾವಣಗೆರೆ

ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಮರಿಯನ್ನು ಮರುದಿನವೇ ತೋರಿಸಿದೆವು. ಮೊದಲು ಹೋದ ಕಡೆ ಇದನ್ನು ನೋಡಿ ಅಭ್ಯಾಸವಿಲ್ಲವೆಂದು ಕಳುಹಿಸಿಬಿಟ್ಟರು. ಎರಡನೆಯ ಕಡೆ ಎದೆ ಪರೀಕ್ಷಿಸಿ, ಶ್ವಾಸಕೋಶಕ್ಕೆ ಇನ್ನೂ ಇಳಿದಿಲ್ಲವೆಂದು ಹೇಳಿ, ತೂಕಕ್ಕೆ ಸರಿಯಾಗಿ ಏಳು ದಿನದ ಔಷಧಿ ಕೊಟ್ಟರು. ಈಗ ಮೂಗು ಒಣಗಿದೆ. ತೂಕ 310 ಗ್ರಾಂನಿಂದ 285ಕ್ಕೆ ಇಳಿದಿದ್ದು ಮತ್ತೆ 330 ಆಗಿದೆ.

ಗಂಡಿಗೆ ಹಣ್ಣಿನ ಪೆಟ್ಟಿಗೆಯಿಂದ ಮಾಡಿದ ಬೇರೆ ಮನೆಯಾಯಿತು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಪಡುವಣ ಬದಿಯಲ್ಲಿ ಒಂದು ಗೇಣು ತೆರೆದ ರಾತ್ರಿಯಿಂದ ಒಂದು ಹನಿಯೂ ಕಟ್ಟಿಲ್ಲ. ನಾನಾದರೋ ತೆರೆದರೆ ಚಳಿ ಹೆಚ್ಚುವುದೆಂದು ಭಯಪಟ್ಟಿದ್ದೆ. ಮೊನ್ನೆ ಹೊರಗೆ 12 ಇದ್ದಾಗ ಪೆಟ್ಟಿಗೆಯೊಳಗೆ 17 ಇತ್ತು. ಮೇಷ್ಟ್ರ ಲೆಕ್ಕಕ್ಕಿಂತ ಒಂದು ಡಿಗ್ರಿ ಕಡಿಮೆ, ಬಹುಶಃ ನಮ್ಮ ಬಡಗಿ ಥರ್ಮೋಕೋಲನ್ನು ಎರಡು ಬದಿಗೆ ಮಾತ್ರ ತುಂಬಿದ್ದರಿಂದ. ಗರ್ಭಿಣಿ ನಾಲ್ಕು ರಾತ್ರಿಗಳಿಂದ ಹಿಂದಿನ ವರಾಂಡದಲ್ಲಿದೆ. ಅದು ಹೊಸ್ತಿಲಿನ ಹೊರಗೋ ಒಳಗೋ ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಒಂದು ತೊಂದರೆ ಉಳಿದಿದೆ. ಕಾಯಿಲೆ ಬಿದ್ದಿದ್ದ ಮರಿಯನ್ನು ಗುಣವಾದ ಮೇಲೆ ಅಕ್ಕನ ಜೊತೆ ಬಿಟ್ಟೆವು, ಆದರೆ ಅದು ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಅಕ್ಕ ಬಾಗಿಲಿನಲ್ಲಿಯೇ ಅಡ್ಡ ಮಲಗುತ್ತದೆ, ಇದು ಹೊರಗೆ ಜಾಲರಿಯ ಬದಿಯಲ್ಲಿ ಮುದುಡಿ ಕೂರುತ್ತದೆ. ಬಲವಂತವಾಗಿ ಒಳಗೆ ಬಿಟ್ಟರೂ ಐದು ನಿಮಿಷಕ್ಕೆ ಹೊರಬರುತ್ತದೆ.

ಉತ್ತರ
ಕೋಟೆ ತಪ್ಪಲಿನ ಮೇಷ್ಟ್ರು, ಚಿತ್ರದುರ್ಗ

ತಪ್ಪು ನನ್ನದು. ನನ್ನ ಮೂರೂ ಪ್ರಾಣಿಗಳು ಜಗಳವಾಡದವು, ಹಾಗಾಗಿ ಒಂದು ಬಾಗಿಲಿನಲ್ಲಿ ಕೆಲಸ ನಡೆಯಿತು. ನಿಮಗೂ ಅದನ್ನೇ ಬರೆದುಬಿಟ್ಟೆ. ಒಳಗೆ ಹೋದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದು ಮೆತ್ತಗಿನದು ಹೆದರುತ್ತದೆ. ಇನ್ನೊಂದು ಬಾಗಿಲು ಕೊರೆಸಿರಿ, ಆದರೆ ಮೊದಲನೆಯದಕ್ಕೆ ಎದುರುಬದುರಾಗಿ ಬೇಡ, ಗಾಳಿ ನೇರವಾಗಿ ಹಾಯುತ್ತದೆ. ಉದ್ದನೆಯ ಅದೇ ಬದಿಯ ಇನ್ನೊಂದು ತುದಿಯಲ್ಲಿ ಇರಲಿ. ನಡುವೆ ಅರ್ಧ ಅಗಲದಷ್ಟು ಒಂದು ಹಲಗೆಯ ತಡೆ ಕೊಟ್ಟರೆ ಅಕ್ಕನಿಗೆ ಎರಡೂ ಬಾಗಿಲನ್ನು ಒಟ್ಟಿಗೆ ಕಾಯಲು ಆಗುವುದಿಲ್ಲ. ಬಡಗಿ ಬರುವವರೆಗೆ ಆ ಮರಿಯನ್ನು ರಾತ್ರಿ ತಾಯಿಯ ಜೊತೆ ವರಾಂಡದಲ್ಲಿ ಬಿಡಿ.